ಸಂಘದ ದುಡ್ಡಿನಲ್ಲಿ ಭಯ ಕೊಳ್ಳುವುದು ಬೇಡ

ಕಳೆದ ತಿಂಗಳ ಸರ್ವಸದಸ್ಯರ ಸಭೆಯಲ್ಲಿ ಒಂದು ಸೂಚನೆ ಬಂತು. ಅರವತ್ತು ದಾಟಿದ ಸದಸ್ಯರೆಲ್ಲರಿಗೂ ಸಂಘದ ಕಲ್ಯಾಣ ನಿಧಿಯಿಂದ ಅರ್ಧ ಖರ್ಚು ಕೊಟ್ಟು, ಒಂದು ಖಾಸಗಿ ತಪಾಸಣಾ ಕೇಂದ್ರದಲ್ಲಿ ಅಡಿಯಿಂದ ಮುಡಿಯವರೆಗೆ ಸ್ಕ್ಯಾನ್ ಮಾಡಿಸಬೇಕು ಎಂಬುದು ಆ ಸೂಚನೆ. ಮಂಡಿಸಿದ ಮಹನೀಯರು ಸದುದ್ದೇಶದವರು. ಅದರಲ್ಲಿ ಎರಡು ಮಾತಿಲ್ಲ. ‘ನಮ್ಮ ಹಿರಿಯರು ಊರು ಬಿಟ್ಟು ಬಂದು, ಈ ಮುಂಬಯಿಯ ಚಾಳುಗಳಲ್ಲಿ ಇದ್ದು ನಮ್ಮನ್ನು ಓದಿಸಿದರು. ಅವರಿಗೆ ನಾವು ಇಷ್ಟಾದರೂ ಮಾಡಬೇಡವೇ?’ ಎಂದು ಅವರು ಕೇಳಿದಾಗ ಸಭಾಗೃಹದಲ್ಲಿ ಚಪ್ಪಾಳೆ ಬಿತ್ತು. ನಾನೂ ಹೊಡೆದೆ. ಕಡೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ಹೊಡೆದು, ಚಹಾ ಕುಡಿದು, ಒಂಬತ್ತೂ ನಲವತ್ತರ ಲೋಕಲ್ ಹಿಡಿದು ಮನೆಗೆ ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಕಾಕಾನ ನೆನಪಾಯಿತು.

ನಾನು ವೈದ್ಯನಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದವನಾದ್ದರಿಂದ ಶೇಕಡಾ ಲೆಕ್ಕ ಅರ್ಥವಾಗುತ್ತದೆ, ಬೇರೆಯವರು ಬರೆದ ವರದಿಯ ಸಾಲುಗಳ ನಡುವೆ ಓದುವುದು ನೌಕರಿಯಿಂದ ಬಂದ ಅಭ್ಯಾಸ. ಇಷ್ಟೇ ನನ್ನ ಬಂಡವಾಳ. ಈ ಸೂಚನೆಯನ್ನು ವಿರೋಧಿಸಲು ಇಷ್ಟು ಸಾಕು ಎಂದು ನನ್ನ ನಂಬಿಕೆ.

ಮೊದಲು ಕಾಕಾನ ಕಥೆ. ನನ್ನ ತಂದೆಯ ತಮ್ಮ, ನವಲಗುಂದದ ಕಡೆಯ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಿವೃತ್ತನಾದವನು. 2019ರ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದಿದ್ದ. ಆಗ ಅವನಿಗೆ 74. ಮೂತ್ರದ ತೊಂದರೆಯೆಂದು ಡಾಕ್ಟರರಿಗೆ ತೋರಿಸಿದೆವು. ಅವರು ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರು. ಮೂತ್ರದ ತೊಂದರೆಗೆ ಕಾರಣ ಸಿಕ್ಕಿತು, ಮಾತ್ರೆಯಿಂದ ಹದಿನೈದು ದಿನದಲ್ಲಿ ಗುಣವೂ ಆಯಿತು. ಆದರೆ ವರದಿಯ ಕೊನೆಯಲ್ಲಿ, ಯಾರೂ ಕೇಳದಿದ್ದ ಒಂದು ಸಾಲಿತ್ತು: ಮೇದೋಜೀರಕ ಗ್ರಂಥಿಯಲ್ಲಿ 14 ಮಿಲಿಮೀಟರಿನ ಸಿಸ್ಟ್, ಕವಲು ನಾಳದ ಐ.ಪಿ.ಎಂ.ಎನ್. ಇರಬಹುದು, ದಯವಿಟ್ಟು ರೋಗಲಕ್ಷಣಗಳೊಂದಿಗೆ ತಾಳೆ ನೋಡಿರಿ.

ಈ ‘ದಯವಿಟ್ಟು ತಾಳೆ ನೋಡಿರಿ’ ಎಂಬುದನ್ನು ನಾನು ಚೆನ್ನಾಗಿ ಬಲ್ಲೆ. ನಮ್ಮ ಕಚೇರಿಯಲ್ಲಿ ಇದಕ್ಕೆ ‘ಯೋಗ್ಯ ಕ್ರಮಕ್ಕಾಗಿ’ ಎನ್ನುತ್ತಾರೆ. ಕಡತ ನನ್ನ ಮೇಜಿನಿಂದ ಹೋಯಿತು, ಇನ್ನು ಜವಾಬ್ದಾರಿ ನಿನ್ನದು ಎಂದು ಅರ್ಥ. ಹಾಗೆ ಬರೆದವನ ತಪ್ಪೂ ಅಲ್ಲ; ಕಂಡದ್ದನ್ನು ಬರೆಯದಿದ್ದರೆ ಅವನ ಕುತ್ತಿಗೆಗೆ ಬರುತ್ತದೆ. ಆದರೆ ಕಡತ ಬಂದು ಬಿದ್ದದ್ದು ನಮ್ಮ ಎರಡು ಕೋಣೆಯ ಮನೆಯೊಳಗೆ. ಹುಬ್ಬಳ್ಳಿಯಿಂದ ಅಣ್ಣನ ಫೋನು, ಬೆಳಗಾವಿಯಿಂದ ಅಕ್ಕನ ಫೋನು. ಹೆಂಡತಿ ಮೊಬೈಲಿನಲ್ಲಿ ಏನೋ ಓದಿ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ನಾವೆಲ್ಲ ಬಾಲ್ಕನಿಗೆ ಹೋಗಿ ಮಾತನಾಡತೊಡಗಿದೆವು. ಮೂರನೆಯ ದಿನ ಕಾಕಾ ಕರೆದು ಕೂರಿಸಿಕೊಂಡ.

‘ತಮ್ಮಾ, ಖರೇ ಹೇಳು. ಎಷ್ಟು ದಿನ ಅಂತ ಬರದಾರ?’

‘ಕಾಕಾ, ಹಂಗೇನೂ ಬರದಿಲ್ಲ.’

‘ಮತ್ತ ಎಲ್ಲಾರೂ ಹೊರಗ ಹೋಗಿ ಯಾಕ ಮಾತಾಡ್ತೀರಿ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಒಬ್ಬ ಶಸ್ತ್ರವೈದ್ಯರಿಗೆ ತೋರಿಸಿದೆವು. ಅವರು ಎರಡು ನಿಮಿಷ ಚಿತ್ರ ನೋಡಿ, ತೆಗೆಸಿಬಿಡಿ, ಟೆನ್ಷನ್ ಇರುವುದಿಲ್ಲ ಎಂದರು. ಯಾರ ಟೆನ್ಷನ್ ಎಂದು ಕೇಳಬೇಕಿತ್ತು. ಆಗ ಬುದ್ಧಿ ಓಡಲಿಲ್ಲ. ಕಾಕಾ ಊರಿಗೆ ಫೋನು ಮಾಡಿಸಿ ಎತ್ತಿನ ಜೋಡಿ ಮಾರಿಸಿದ. ಇಬ್ಬರು ಮಕ್ಕಳಿಗೂ ಹೊಲ ಪಾಲು ಮಾಡಿಕೊಡುತ್ತೇನೆಂದು ಕಾಗದ ಬರೆಸಿದ. ಊಟ ಅರ್ಧಕ್ಕೆ ಇಳಿಯಿತು, ತೂಕ ಮೂರು ಕಿಲೋ ಇಳಿಯಿತು. ತೂಕ ಇಳಿದದ್ದನ್ನು ಕಂಡು ನಮಗೆ ರೋಗ ಇದ್ದದ್ದೇ ಸರಿ ಎನ್ನಿಸಿತು!

ಕಡೆಗೆ ಕಚೇರಿಯ ಮಿತ್ರರೊಬ್ಬರ ಮಾತಿನಂತೆ ಒಂದು ಸಾರ್ವಜನಿಕ ಆಸ್ಪತ್ರೆಯ ಸಾಲಿನಲ್ಲಿ ಬೆಳಗಿನಿಂದ ನಿಂತು ಹಿರಿಯ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಚಿತ್ರವನ್ನು ಆಮೇಲೆ ನೋಡಿದರು, ಮೊದಲು ಕಾಕಾನನ್ನು ನೋಡಿದರು. ಕಣ್ಣು ಹಳದಿಯಾಗಿತ್ತೇ, ಹೊಟ್ಟೆ ನೋವು ಬಂದು ಆಸ್ಪತ್ರೆ ಸೇರಿದ್ದುಂಟೇ, ಸಕ್ಕರೆ ರೋಗ ಹೊಸದಾಗಿ ಬಂದಿದೆಯೇ, ಮನೆತನದಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಇತ್ತೇ ಎಂದು ಕೇಳಿದರು. ಎಲ್ಲಕ್ಕೂ ಇಲ್ಲ. ಒಂದು ಎಂ.ಆರ್.ಐ. ಮಾಡಿಸಿ, ಮುಖ್ಯ ನಾಳ ಹಿಗ್ಗಿಲ್ಲ, ಗುಳ್ಳೆಯೊಳಗೆ ಗಂಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ‘ಒಂದು ವರ್ಷ ಬಿಟ್ಟು ಬನ್ನಿ. ಅಲ್ಲಿಯವರೆಗೆ ಇವರು ಊಟ ಮಾಡಲಿ’ ಎಂದರು. ಕೊರೋನಾದಿಂದಾಗಿ ಒಂದು ವರ್ಷಕ್ಕೆ ಹೋಗಲಾಗಲಿಲ್ಲ. 2021ರಲ್ಲಿ ನೋಡಿದಾಗಲೂ 14, 2023ರಲ್ಲಿ ನೋಡಿದಾಗಲೂ 14. ಕಾಕಾ ಈಗಲೂ ಊರಿನಲ್ಲಿದ್ದಾನೆ. ಎತ್ತುಗಳು ಇಲ್ಲ.

ಇನ್ನು ವಿಷಯಕ್ಕೆ. ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡಂತೆ ಅಡ್ಡಲಾಗಿ ಮಲಗಿರುವ, ಒಂದು ಗೇಣಿಗಿಂತ ತುಸು ಚಿಕ್ಕದಾದ ಅಂಗ. ಅನ್ನ ಕರಗಿಸುವ ರಸವನ್ನೂ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ನನ್ನೂ ಅದು ತಯಾರಿಸುತ್ತದೆ. ರಸ ಹರಿದುಹೋಗಲು ನಡುವೆ ಒಂದು ಮುಖ್ಯ ನಾಳ, ಅದಕ್ಕೆ ಕವಲು ನಾಳಗಳು. ವಯಸ್ಸಾದಂತೆ ಈ ಕವಲುಗಳಲ್ಲಿ ಅಲ್ಲಲ್ಲಿ ಲೋಳೆ ತುಂಬಿದ ನೀರುಗುಳ್ಳೆಗಳು ಏಳುವುದುಂಟು. ಇಂಥ ಲೋಳೆ ಸುರಿಸುವ ಗಡ್ಡೆಯನ್ನು 1982ರಲ್ಲಿ ಜಪಾನಿನ ಒಹಾಶಿ ಮತ್ತು ಸಂಗಡಿಗರು ಮೊದಲು ಬೇರೆಯಾಗಿ ಗುರುತಿಸಿದರು. ಅದಕ್ಕೇ ಈಗ ಐ.ಪಿ.ಎಂ.ಎನ್. ಎಂಬ ಉದ್ದ ಹೆಸರಿನ ಮೊಟಕು ರೂಪ. ಎಲ್ಲ ಗುಳ್ಳೆಯೂ ಇದೇ ಜಾತಿಯದಲ್ಲ. ಉರಿಯೂತದ ನಂತರ ಉಳಿಯುವ ಹುಸಿಗುಳ್ಳೆಯಿದೆ, ತಿಳಿನೀರಿನಂಥ ದ್ರವದ ಸಾಧು ಗುಳ್ಳೆಯಿದೆ, ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲೇ ಕಾಣುವ ಇನ್ನೊಂದು ಲೋಳೆ ಗುಳ್ಳೆಯಿದೆ. ಲೋಳೆಯ ಜಾತಿಯವು ‘ಕ್ಯಾನ್ಸರ್ ಪೂರ್ವ’ ಎಂಬ ಪಟ್ಟಿಯಲ್ಲಿವೆ. ಈ ‘ಪೂರ್ವ’ ಎಂಬ ಶಬ್ದವೇ ಮೋಸದ್ದು. ಮಳೆಗೆ ಪೂರ್ವದಲ್ಲಿ ಮೋಡ ಬರುತ್ತದೆ ನಿಜ. ಬಂದ ಮೋಡವೆಲ್ಲ ಮಳೆ ಸುರಿಸುವುದಿಲ್ಲ ಎಂಬುದನ್ನು ನವಲಗುಂದದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಷ್ಟು ಜನರಲ್ಲಿ ಇವು ಇವೆ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಬೇರೆ ಕಾರಣಕ್ಕೆ ತೆಗೆದ 2832 ಸಿ.ಟಿ. ಚಿತ್ರಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ಲೆಕ್ಕ: ನೂರಕ್ಕೆ 2.6. ನಲವತ್ತರ ಒಳಗಿನವರಲ್ಲಿ ಒಂದೂ ಇಲ್ಲ, ಎಂಬತ್ತು ದಾಟಿದವರಲ್ಲಿ ನೂರಕ್ಕೆ 8.7. ಎಂ.ಆರ್.ಐ. ಇದಕ್ಕಿಂತ ಚುರುಕು ಕಣ್ಣಿನದು. ಜರ್ಮನಿಯ ಪೊಮೆರೇನಿಯಾ ಪ್ರಾಂತದ ಸಾವಿರಕ್ಕೂ ಹೆಚ್ಚು ಸಾಮಾನ್ಯ ನಾಗರಿಕರನ್ನು ಅದರಿಂದ ನೋಡಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಓದಿದಾಗ ನಾನು ಕನ್ನಡಕ ಒರೆಸಿಕೊಂಡೆ: ನೂರಕ್ಕೆ 49. ಇಬ್ಬರಲ್ಲಿ ಒಬ್ಬರಿಗೆ! ಹೆಚ್ಚಿನವು ತೀರ ಸಣ್ಣವು. ಸುಮಾರು ಆರು ವರ್ಷ ಅವರ ಮೇಲೆ ಕಣ್ಣಿಟ್ಟಿದ್ದರು. ಅಷ್ಟರಲ್ಲಿ ಅವರಲ್ಲಿ ಒಬ್ಬರೂ ಮೇದೋಜೀರಕದ ರೋಗದಿಂದ ಸತ್ತಿರಲಿಲ್ಲ.

ಈಗ ನಮ್ಮ ಸಂಘದ ಲೆಕ್ಕ. ಯಾದಿಯಲ್ಲಿ ಅರವತ್ತು ದಾಟಿದವರು ಸುಮಾರು ಮುನ್ನೂರು. ತಪಾಸಣಾ ಕೇಂದ್ರದ ಯಂತ್ರ ಜರ್ಮನಿಯಷ್ಟು ಸೂಕ್ಷ್ಮವಲ್ಲ ಎಂದು ಹಿಡಿದು, ಬರೀ ಐವತ್ತು ಜನರಲ್ಲಿ ಗುಳ್ಳೆ ಕಂಡಿತು ಎನ್ನೋಣ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2015ರಲ್ಲಿ ಮಾಡಿದ ಅಂದಾಜಿನ ಪ್ರಕಾರ, ಹೀಗೆ ಆಕಸ್ಮಿಕವಾಗಿ ಕಂಡ ಗುಳ್ಳೆ ಆ ಹೊತ್ತಿಗಾಗಲೇ ಕ್ಯಾನ್ಸರ್ ಆಗಿರುವ ಸಂಭವ ಲಕ್ಷಕ್ಕೆ ಹತ್ತು-ಇಪ್ಪತ್ತು. ಇಪ್ಪತ್ತೆಂದೇ ಹಿಡಿಯಿರಿ, ಐದು ಸಾವಿರ ಗುಳ್ಳೆಗೆ ಒಂದು. ಅಂದರೆ ನಮ್ಮಂಥ ನೂರು ಸಂಘಗಳು ಇಂಥ ಶಿಬಿರ ನಡೆಸಿದರೆ ಆ ನೂರರಲ್ಲಿ ಒಂದು ಸಂಘಕ್ಕೆ ಒಂದು ಕ್ಯಾನ್ಸರ್ ಸಿಕ್ಕೀತು. ಉಳಿದ ತೊಂಬತ್ತೊಂಬತ್ತು ಸಂಘಗಳಿಗೆ ಸಿಗುವುದು ಐವತ್ತು ಮನೆಗಳಲ್ಲಿ ಬಾಲ್ಕನಿಯ ಪಿಸುಮಾತು, ಮಾರಿಹೋದ ಎತ್ತುಗಳು.

ನ್ಯಾಯವಾಗಿ ಇನ್ನೊಂದು ಅಂಕಿಯನ್ನೂ ಹೇಳಬೇಕು. ಈಗ ಸಾಧುವಾಗಿರುವ ಗುಳ್ಳೆ ಮುಂದೆ ಕೆಡುವ ಸಂಭವವನ್ನು ಅವರೇ ವರ್ಷಕ್ಕೆ ನೂರಕ್ಕೆ 0.24 ಎಂದು ಅಂದಾಜಿಸಿದ್ದಾರೆ. ಐವತ್ತು ಜನರಲ್ಲಿ ಸುಮಾರು ಎಂಟು ವರ್ಷಕ್ಕೊಬ್ಬರು. ಇದು ತಳ್ಳಿಹಾಕುವ ಸಂಖ್ಯೆಯಲ್ಲ. ಅದಕ್ಕೇ ಕಂಡ ಗುಳ್ಳೆಯನ್ನು ಕಾಲಕಾಲಕ್ಕೆ ನೋಡುತ್ತಿರಬೇಕು ಎನ್ನುತ್ತಾರೆ. ಎಷ್ಟು ಕಾಲ? ಅದೇ ಅಮೆರಿಕದ ಸಂಘ, ಐದು ವರ್ಷ ಬದಲಾಗದಿದ್ದರೆ ನಿಲ್ಲಿಸಬಹುದು ಎಂದಿತು. ಯೂರೋಪಿನ ತಜ್ಞರು 2018ರಲ್ಲಿ, ಶಸ್ತ್ರಕ್ರಿಯೆ ತಾಳುವಷ್ಟು ದೇಹಬಲ ಇರುವ ತನಕ ಜೀವಮಾನವಿಡೀ ನೋಡಿ ಎಂದರು. ದೊಡ್ಡವರೇ ಹೀಗೆ ಒಮ್ಮತಕ್ಕೆ ಬಾರದ ವಿಷಯ ಇದು. ನಮ್ಮ ಸೂಚನೆಯಲ್ಲಿ ಶಿಬಿರ ಒಂದು ಭಾನುವಾರದ್ದು. ಎರಡನೆಯ ವರ್ಷದ ಎಂ.ಆರ್.ಐ. ಯಾರು ಮಾಡಿಸುವವರು? ನಾಲ್ಕನೆಯ ವರ್ಷದ್ದು? ಹೋಟೆಲಿನ ಗಲ್ಲೆಯ ಮೇಲೆ ಕೂತು ನಿವೃತ್ತಿಯಾದವರಿಗೆ, ಮಿಲ್ಲು ಮುಚ್ಚಿ ಮನೆಗೆ ಬಂದವರಿಗೆ ಪೆನ್ಷನ್ನೂ ಇಲ್ಲ, ಕೇಂದ್ರ ಸರಕಾರದ ಆರೋಗ್ಯ ಯೋಜನೆಯ ಕಾರ್ಡೂ ಇಲ್ಲ. ಕಾರ್ಡಿರುವ ನನ್ನಂಥವನು ಹೇಗೋ ನಿಭಾಯಿಸಿಯಾನು. ಸಂಘ ಅರ್ಧ ಖರ್ಚು ಕೊಟ್ಟು ಭಯವನ್ನು ಮನೆಯೊಳಗೆ ಬಿಟ್ಟು ಬಾಗಿಲು ಎಳೆದುಕೊಂಡು ಹೋಗುತ್ತದೆ.

ತೆಗೆಸಿಬಿಟ್ಟರಾಯಿತು ಎನ್ನುವವರಿಗೆ ಒಂದು ಮಾತು. ಇದು ಅಪೆಂಡಿಕ್ಸ್ ಅಲ್ಲ. ಗ್ರಂಥಿಯ ತಲೆಯ ಭಾಗದಲ್ಲಿ ಗುಳ್ಳೆಯಿದ್ದರೆ ಮಾಡುವುದು 1935ರಲ್ಲಿ ಅಲನ್ ವಿಪಲ್ ಎಂಬ ಅಮೆರಿಕನ್ ಶಸ್ತ್ರವೈದ್ಯರು ವರದಿ ಮಾಡಿದ, ಅವರ ಹೆಸರಿನಲ್ಲೇ ನಡೆದುಬಂದ ಶಸ್ತ್ರಕ್ರಿಯೆ. ಗ್ರಂಥಿಯ ತಲೆ, ಸಣ್ಣ ಕರುಳಿನ ಆರಂಭ, ಪಿತ್ತಕೋಶ, ಪಿತ್ತನಾಳದ ತುದಿ ಎಲ್ಲ ಕತ್ತರಿಸಿ ಮತ್ತೆ ಜೋಡಿಸಬೇಕು. ನುರಿತ ದೊಡ್ಡ ಆಸ್ಪತ್ರೆಗಳಲ್ಲೂ ನೂರರಲ್ಲಿ ಎರಡು ಮೂರು ಜನ ಇದರಿಂದಲೇ ಸಾಯುತ್ತಾರೆ. ಮೂರರಲ್ಲೊಬ್ಬರಿಗಾದರೂ ಸೋರಿಕೆ, ಸೋಂಕು, ಮತ್ತೊಂದು ತೊಡಕು ಬರುತ್ತದೆ. ಗ್ರಂಥಿ ಕಡಿಮೆಯಾದಷ್ಟೂ ಸಕ್ಕರೆ ರೋಗದ ಅಪಾಯ ಹೆಚ್ಚು. ಐದು ಸಾವಿರದಲ್ಲಿ ಒಂದರ ಭಯಕ್ಕೆ ನೂರರಲ್ಲಿ ಎರಡರ ಸಾವನ್ನು ಕೊಳ್ಳುವ ವ್ಯಾಪಾರವನ್ನು ನಮ್ಮ ದಕ್ಷಿಣ ಕನ್ನಡದ ಹೋಟೆಲ್ ಬಂಧುಗಳು ಯಾರಾದರೂ ಮಾಡಿಯಾರೇ?

ಸಭೆಯಲ್ಲಿ ಒಬ್ಬ ಹಿರಿಯರು ಮನೋಹರ ಪರ್ರಿಕರರ ಹೆಸರೆತ್ತಿದರು. ಗೋವೆಯ ಮುಖ್ಯಮಂತ್ರಿಯಾಗಿದ್ದಾಗಲೇ, ಅರವತ್ತಮೂರರ ವಯಸ್ಸಿನಲ್ಲಿ, 2019ರ ಮಾರ್ಚಿನಲ್ಲಿ ಅವರು ಈ ಅಂಗದ ಕ್ಯಾನ್ಸರಿನಿಂದ ತೀರಿಕೊಂಡರು. ಮೂಗಿಗೆ ನಳಿಕೆ ಹಾಕಿಕೊಂಡು ಕೆಲಸ ಮಾಡುತ್ತಿದ್ದ ಆ ಚಿತ್ರ ನನಗೂ ಮರೆತಿಲ್ಲ. ಈ ಕ್ಯಾನ್ಸರ್ ಭಯಂಕರವಾದದ್ದು, ನಿಜ. ಆದರೆ ಈ ಕ್ಯಾನ್ಸರುಗಳಲ್ಲಿ ಬಹುಪಾಲು ಹುಟ್ಟುವುದು ಕಣ್ಣಿಗೆ ಕಾಣುವ ಗುಳ್ಳೆಗಳಿಂದಲ್ಲ. ಪ್ಯಾನ್‌ಇನ್ ಎಂಬ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ನಾಳದ ಒಳಪದರದ ಬದಲಾವಣೆಗಳಿಂದ. ಅವನ್ನು ಯಾವ ಸ್ಕ್ಯಾನೂ ತೋರಿಸುವುದಿಲ್ಲ. ಅವಾದರೂ ಅಪರೂಪವೇ ಎಂದರೆ ಅದೂ ಅಲ್ಲ: ಹಾಪ್ಕಿನ್ಸ್‌ನ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ಗ್ರಂಥಿಯ ತುಂಡುಗಳನ್ನು ಪದರ ಪದರವಾಗಿ ಸೀಳಿ ಮೂರು ಆಯಾಮದಲ್ಲಿ ಜೋಡಿಸಿ ನೋಡಿ, 2024ರಲ್ಲಿ ಪ್ರಕಟಿಸಿದ ಪ್ರಕಾರ ಒಂದು ಘನ ಸೆಂಟಿಮೀಟರಿನಲ್ಲಿ ಸರಾಸರಿ 13 ಇಂಥ ಚುಕ್ಕೆಗಳು ಸಿಕ್ಕವು. ಕ್ಯಾನ್ಸರ್ ಆಗುವುದು ಅವುಗಳಲ್ಲಿ ಎಲ್ಲೋ ಒಂದು. ಅದಕ್ಕೂ ಮೊದಲ ಕೆಡುಕಿನಿಂದ ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತದೆ ಎಂದು 2010ರ ಇನ್ನೊಂದು ಅಧ್ಯಯನ ಲೆಕ್ಕ ಹಾಕಿತ್ತು. ಹೀಗಾಗಿ ಸ್ಕ್ಯಾನ್ ಕಾಣುವುದರಲ್ಲಿ ಹೆಚ್ಚಿನದು ನಿರುಪದ್ರವಿ, ಉಪದ್ರವಿಯಾದದ್ದರಲ್ಲಿ ಹೆಚ್ಚಿನದು ಸ್ಕ್ಯಾನಿಗೆ ಕಾಣದು. ‘ನಾರ್ಮಲ್’ ಎಂದು ಬರೆಸಿಕೊಂಡು ಬಂದವನಿಗೂ ಭರವಸೆಯಿಲ್ಲ. ಲಕ್ಷಣವಿಲ್ಲದ ಸಾಮಾನ್ಯ ಜನರಲ್ಲಿ ಈ ಕ್ಯಾನ್ಸರನ್ನು ಹುಡುಕುತ್ತ ಹೋಗಬೇಡಿ, ಲಾಭಕ್ಕಿಂತ ಹಾನಿ ಹೆಚ್ಚು ಎಂದು ಅಮೆರಿಕದ ತಜ್ಞರ ಸರಕಾರಿ ಮಂಡಳಿ 2004ರಲ್ಲೇ ಹೇಳಿ 2019ರಲ್ಲಿ ಮತ್ತೆ ಖಚಿತಪಡಿಸಿತು. ಅಮೆರಿಕಕ್ಕೆ ಹೋಲಿಸಿದರೆ ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಬಹಳ ಕಡಿಮೆ. ಅಲ್ಲಿಯೇ ಬೇಡವಾದದ್ದು ಇಲ್ಲಿ ಹೇಗೆ ಬೇಕಾಯಿತು?

ರಕ್ತದ ಸಿಎ 19-9 ಪರೀಕ್ಷೆಯನ್ನೂ ಈ ಪ್ಯಾಕೇಜಿನಲ್ಲಿ ತುರುಕಿದ್ದಾರೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕರೂ ಅದು ಏರುತ್ತದೆ. ಕೆಲವರ ದೇಹ ಹುಟ್ಟಿನಿಂದ ಅದನ್ನು ತಯಾರಿಸುವುದೇ ಇಲ್ಲ. ಹುಡುಕಾಟಕ್ಕೆ ಅದು ಕೆಲಸಕ್ಕೆ ಬಾರದು.

ಕೊರಿಯಾದ ಪಾಠವೂ ನಮ್ಮ ಮುಂದಿದೆ. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರಕಾರ ಕ್ಯಾನ್ಸರ್ ತಪಾಸಣೆ ಆರಂಭಿಸಿದಾಗ ಆಸ್ಪತ್ರೆಗಳು ಕಡಿಮೆ ದರಕ್ಕೆ ಥೈರಾಯ್ಡಿನ ಸ್ಕ್ಯಾನನ್ನೂ ಜೊತೆಗೆ ಮಾರಿದವು. 2011ರ ಹೊತ್ತಿಗೆ ಅಲ್ಲಿ ಪತ್ತೆಯಾಗುತ್ತಿದ್ದ ಥೈರಾಯ್ಡ್ ಕ್ಯಾನ್ಸರ್ 1993ರ ಹದಿನೈದು ಪಟ್ಟು. ಹೆಚ್ಚಿನವರು ಗ್ರಂಥಿ ಕತ್ತರಿಸಿಕೊಂಡರು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ‘ಜೊತೆಗೆ’ ಮಾರಿದ್ದು ಎಂಬ ಮಾತನ್ನು ದಯವಿಟ್ಟು ಗಮನಿಸಿರಿ. ನಮ್ಮ ಸೂಚನೆಯ ಅಡಿಟಿಪ್ಪಣಿಯಲ್ಲಿ, ಪ್ರತಿ ನೋಂದಣಿಗೆ ಶೇಕಡಾ ಹತ್ತನ್ನು ಕೇಂದ್ರದವರು ಸಂಘಕ್ಕೆ ದೇಣಿಗೆಯಾಗಿ ಕೊಡುತ್ತಾರೆ ಎಂದು ಬರೆದಿದೆ. ಕಚೇರಿಯಲ್ಲಿ ನಾವು ಇದಕ್ಕೆ ಬೇರೆ ಹೆಸರಿಟ್ಟಿದ್ದೇವೆ.

ಹಾಗಾದರೆ ಏನೂ ನೋಡಬಾರದೇ ಎಂದು ಕೇಳುವಿರಿ. ಹಾಗಲ್ಲ. ಮುಂಬಯಿಯಲ್ಲಿ ಹಳೆಯ ಕಟ್ಟಡದಲ್ಲಿದ್ದವರಿಗೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಪ್ರತಿ ಮಳೆಗಾಲ ಗೋಡೆಗೆ ತೇವ ಹತ್ತುತ್ತದೆ. ಅದಕ್ಕೆ ಮಹಾನಗರಪಾಲಿಕೆಯವರು ಸಿ-1 ನೋಟೀಸು ಅಂಟಿಸುವುದಿಲ್ಲ. ತೊಲೆ ಬಿರುಕು ಬಿಟ್ಟರೆ ಅಂಟಿಸುತ್ತಾರೆ, ಆಗ ಒಂದು ರಾತ್ರಿಯೂ ಅಲ್ಲಿ ಮಲಗಬಾರದು. ಈ ಗ್ರಂಥಿಯ ಬಿರುಕುಗಳು ಯಾವುವೆಂದು ಜಪಾನಿನ ಕ್ಯೋಟೋದಲ್ಲಿ ಕೂಡಿದ ತಜ್ಞರು 2023ರ ತಮ್ಮ ಸೂತ್ರಗಳಲ್ಲಿ ಹೇಳಿದ್ದಾರೆ: ಕಾಮಾಲೆ, ಗುಳ್ಳೆಯೊಳಗೆ 5 ಮಿಲಿಮೀಟರು ಮೀರಿದ ರಕ್ತ ಹರಿಯುವ ಗಂಟು, 10 ಮಿಲಿಮೀಟರಿಗೆ ಹಿಗ್ಗಿದ ಮುಖ್ಯ ನಾಳ. ಗುಳ್ಳೆ 3 ಸೆಂಟಿಮೀಟರ್ ದಾಟಿದ್ದರೆ, ಬೇಗ ಬೆಳೆಯುತ್ತಿದ್ದರೆ, ಅದರಿಂದ ಉರಿಯೂತ ಬಂದಿದ್ದರೆ ಹೆಚ್ಚಿನ ಪರೀಕ್ಷೆ ಬೇಕು. ಮುಖ್ಯ ನಾಳದ ಜಾತಿಯದ್ದು ಕವಲಿನದ್ದಕ್ಕಿಂತ ಬಹಳ ಅಪಾಯಕಾರಿ. ಅಲ್ಲಿ ಶಸ್ತ್ರಕ್ರಿಯೆಯ ಮಾತಿಗೆ ನಾನು ಅಡ್ಡ ಬರುವುದಿಲ್ಲ. ತಂದೆ-ತಾಯಿ, ಒಡಹುಟ್ಟಿದವರಲ್ಲಿ ಇಬ್ಬರಿಗೆ ಈ ಕ್ಯಾನ್ಸರ್ ಆಗಿದ್ದವರು ಶಿಬಿರಕ್ಕಲ್ಲ, ದೊಡ್ಡ ಆಸ್ಪತ್ರೆಗೇ ಹೋಗಬೇಕು. ಇನ್ನೊಂದನ್ನು ನಮ್ಮ ಮನೆಗಳಲ್ಲಿ ಅಲಕ್ಷ್ಯ ಮಾಡುತ್ತೇವೆ: ಐವತ್ತು ದಾಟಿದ ಮೇಲೆ, ಮೈ ಇಳಿಯುತ್ತಿರುವಾಗ, ಇದ್ದಕ್ಕಿದ್ದಂತೆ ಸಕ್ಕರೆ ರೋಗ ಕಾಣಿಸಿಕೊಳ್ಳುವುದು. ಐವತ್ತರ ನಂತರ ಹೊಸದಾಗಿ ಸಕ್ಕರೆ ರೋಗ ಬಂದ ನೂರರಲ್ಲಿ ಸುಮಾರು ಒಬ್ಬರಿಗೆ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಯಿತೆಂದು ಸುರೇಶ್ ಚಾರಿ ಎಂಬ ವೈದ್ಯರೂ ಸಂಗಡಿಗರೂ 2005ರಲ್ಲಿ ತೋರಿಸಿದರು. ತೂಕವೂ ಇಳಿಯುತ್ತಿದ್ದರೆ ಸಂಶಯ ಇನ್ನೂ ಹೆಚ್ಚು. ನೂರರಲ್ಲಿ ಒಂದೆಲ್ಲಿ, ಐದು ಸಾವಿರದಲ್ಲಿ ಒಂದೆಲ್ಲಿ! ‘ಮನೆತನದ್ದು, ಎಲ್ಲಾರಿಗೂ ಬರತದ’ ಎಂದು ಸುಮ್ಮನಿರುವ ಜಾಗ ಅದು. ಅಲ್ಲಿ ಸ್ಕ್ಯಾನಿಗೆ ನನ್ನ ಎರಡೂ ಕೈ ಮೇಲೆ.

ಕಳೆದ ವರ್ಷ ಕಾಕಾನನ್ನು ಅದೇ ಹಿರಿಯ ವೈದ್ಯರ ಬಳಿಗೆ ಒಯ್ದಿದ್ದೆ. ಅವರು ಚೀಟಿ ಬರೆಯುವ ಮೊದಲು ಮರಾಠಿಯಲ್ಲಿ ಒಂದು ಪ್ರಶ್ನೆ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ: ಗುಳ್ಳೆ ಬೆಳೆದಿದೆ ಎಂದು ಕಂಡರೆ ಈ ವಯಸ್ಸಿನಲ್ಲಿ ಆಪರೇಶನ್ ಮಾಡಿಸಿಕೊಳ್ಳುವಿರಾ? ಕಾಕಾ ಸ್ವಲ್ಪವೂ ತಡೆಯಲಿಲ್ಲ. ‘ಇಲ್ರೀ ಸಾಹೇಬ್ರ, ಒಲ್ಲೆ.’ ಹಾಗಾದರೆ ನೋಡುವುದೇಕೆ ಎಂದು ಅವರು ಚೀಟಿ ಹರಿದರು. ಐದು ವರ್ಷದ ಹಿಂದೆ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ; ನಾನೂ ಕೇಳಿರಲಿಲ್ಲ. ಸ್ಕ್ಯಾನ್ ಮಾಡಿಸುವುದು ಮಕ್ಕಳ ಕರ್ತವ್ಯ, ಕೇಳುವುದು ಕರ್ತವ್ಯವಲ್ಲ ಎಂದು ನಾವು ಹೇಗೋ ಕಲಿತುಬಿಟ್ಟಿದ್ದೇವೆ. ಮುನ್ನೂರು ಹಿರಿಯರ ಪರವಾಗಿ ಸೂಚನೆ ತಂದೆವು. ಆ ಸಭೆಯಲ್ಲಿ ಮಾತನಾಡಿದ ಏಳು ಮಂದಿಯಲ್ಲಿ ಅರವತ್ತು ದಾಟಿದವರು ಇಬ್ಬರೇ.

ಮುಂದಿನ ಭಾನುವಾರ ಕಾರ್ಯಕಾರಿ ಸಮಿತಿಯ ಮುಂದೆ ಈ ಸೂಚನೆ ಬರುತ್ತದೆ. ನಾನು ಒಂದು ತಿದ್ದುಪಡಿ ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಅದೇ ನಿಧಿಯಿಂದ ತಿಂಗಳಿಗೆ ಎರಡು ಭಾನುವಾರ, ಕನ್ನಡ ಬಲ್ಲ ಒಬ್ಬ ವೈದ್ಯರನ್ನು ಸಂಘದ ವಾಚನಾಲಯದಲ್ಲಿ ಕೂರಿಸಬೇಕು. ರಕ್ತದೊತ್ತಡ, ಸಕ್ಕರೆ, ತೂಕ ನೋಡಬೇಕು. ಮುಖ್ಯವಾಗಿ, ನಮ್ಮ ಹಿರಿಯರ ಕಪಾಟಿನಲ್ಲಿ, ಸೀರೆಯ ಮಡಿಕೆಯ ಕೆಳಗೆ, ಯಾರೂ ಬಿಡಿಸಿ ಹೇಳದೆ ಬಿದ್ದಿರುವ ಹಳೆಯ ವರದಿಗಳನ್ನು ಅವರ ಎದುರಿಗೇ ಓದಿ ಅವರ ಭಾಷೆಯಲ್ಲಿ ಹೇಳಬೇಕು. ಈ ಕೆಲಸಕ್ಕೆ ಒಪ್ಪಿರುವ ವೈದ್ಯರೊಬ್ಬರು ಪ್ರಯಾಣದ ಖರ್ಚು ಮಾತ್ರ ಕೇಳಿದ್ದಾರೆ. ನಿಯಮದ ಪ್ರಕಾರ ತಿದ್ದುಪಡಿಗೆ ಒಬ್ಬ ಅನುಮೋದಕರು ಬೇಕು. ಇದುವರೆಗೆ ಯಾರೂ ಸಹಿ ಹಾಕಿಲ್ಲ. ಕಾಗದ ವಾಚನಾಲಯದ ಮೇಜಿನ ಮೇಲಿದೆ.